ಯಾರ ಎದೆಯ ಅಳತೆಗೆ ಈ ಗಾಳಿ?

ಕಾಯಿಲೆ ಮಲಗಿದವರನ್ನು ನೋಡಲು ನಾವು ಬರಿಗೈಯಲ್ಲಿ ಹೋಗುವುದಿಲ್ಲ. ಎಳನೀರೋ ಮೂಸಂಬಿಯೋ ಕೈಯಲ್ಲಿರುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಇರುತ್ತದೆ: "ಏನು ಮಾಡ್ಕೊಂಡ್ರಿ?" ಕೇಳುವವರ ದನಿಯಲ್ಲಿ ಅಕ್ಕರೆಯೇ ಇರುತ್ತದೆ. ಆದರೆ ರೋಗಕ್ಕೆ ಒಬ್ಬ ಕರ್ತೃ ಇದ್ದಾನೆ, ಹಾಸಿಗೆಯ ಮೇಲಿರುವವನೇ ಅವನು ಎಂಬ ತೀರ್ಪು ಅದರೊಳಗೆ ಮೊದಲೇ ಕೂತಿರುತ್ತದೆ. ಮಳೆಯಲ್ಲಿ ನೆನೆದಿರಬೇಕು, ಹೊತ್ತುಹೊತ್ತಿಗೆ ಉಂಡಿರಲಿಕ್ಕಿಲ್ಲ, ಬೀಡಿ ಸೇದಿರಬೇಕು. ಯಾವ ಕಾರಣವೂ ಹೊಂದದೇ ಹೋದರೆ ಎರಡನೆಯ ಮಾತು ಸಿದ್ಧವಾಗಿರುತ್ತದೆ: "ಪಡ್ಕೊಂಡು ಬಂದಿದ್ದು, ಏನು ಮಾಡೋಕಾಗುತ್ತೆ?" ಮೊದಲನೆಯದು ಈ ಜನ್ಮದ ತಪ್ಪು, ಎರಡನೆಯದು ಹಿಂದಿನ ಜನ್ಮದ್ದು. ಎರಡರಲ್ಲೂ ನೋಡಲು ಬಂದವರಿಗೆ ಒಂದು ನೆಮ್ಮದಿ ಸಿಗುತ್ತದೆ. ಅವನು ತಪ್ಪಿದ, ನಾನು ತಪ್ಪಿಲ್ಲ. ಅವನ ಲೆಕ್ಕ ಅವನದು, ನನ್ನ ಲೆಕ್ಕ ಬೇರೆ.

ಈ ನೆಮ್ಮದಿ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ ಶ್ವಾಸಕೋಶದಲ್ಲಿ ಬೂಷ್ಟು ನೆಲೆಸುವ ಕಾಯಿಲೆಗಳ ಕಡೆಗೆ ನೋಡಬೇಕು.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು ತಿಪ್ಪೆಯಲ್ಲಿ, ಕೊಳೆಯುವ ದರಕಿನಲ್ಲಿ, ಮಳೆಗೆ ನೆನೆದ ಹುಲ್ಲಿನ ಬಣವೆಯಲ್ಲಿ, ಹಳೆಯ ಗೋಡೆಯ ತೇವದಲ್ಲಿ ಬೆಳೆಯುತ್ತದೆ. ಗೊಬ್ಬರದ ಗುಂಡಿ ಒಳಗೊಳಗೇ ಕಾದು 50 ಡಿಗ್ರಿ ಮುಟ್ಟಿದರೂ ಅದಕ್ಕೆ ಬಾಧಕವಿಲ್ಲ. ಇನ್ನು 37 ಡಿಗ್ರಿಯ ನಮ್ಮ ಮೈ ಅದಕ್ಕೆ ಯಾವ ಲೆಕ್ಕ? ಲೋಕಕ್ಕೆ ಅದರಿಂದ ಉಪಕಾರವೇ ಹೆಚ್ಚು. ಸತ್ತ ಎಲೆಯನ್ನು ಮಣ್ಣಿಗೆ ಮರಳಿಸುವ ಜೀವಿಗಳಲ್ಲಿ ಅದೂ ಒಂದು. ಅದರ ಬೀಜಾಣುಗಳು 2ರಿಂದ 3 ಮೈಕ್ರಾನ್ ಗಾತ್ರದವು. ಒಂದು ಮಿಲಿಮೀಟರ್ ಉದ್ದದಲ್ಲಿ ಮುನ್ನೂರಕ್ಕೂ ಹೆಚ್ಚನ್ನು ಸಾಲಾಗಿ ನಿಲ್ಲಿಸಬಹುದು. ಅಷ್ಟು ಸಣ್ಣವಾದ್ದರಿಂದಲೇ ಮೂಗನ್ನೂ ಗಂಟಲನ್ನೂ ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನ ತನಕ ಇಳಿಯುತ್ತವೆ. ಪ್ರತಿಯೊಬ್ಬರೂ ದಿನವೂ ಇಂಥ ನೂರಾರು ಬೀಜಾಣುಗಳನ್ನು ಉಸಿರಾಡುತ್ತೇವೆ. ಬಡವ ಬಲ್ಲಿದ ಎಂದಾಗಲಿ, ಮಡಿ ಮೈಲಿಗೆ ಎಂದಾಗಲಿ ಅವು ನೋಡುವುದಿಲ್ಲ.

ಬಹುಪಾಲು ಎದೆಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ಏನೂ ಆಗದಿರಲು ಒಳಗೆ ಎಷ್ಟೊಂದು ದುಡಿಮೆ ನಡೆಯಬೇಕು! ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಫವನ್ನು ಹಗಲೂ ರಾತ್ರಿ ಮೇಲಕ್ಕೆ ಗುಡಿಸುತ್ತಿರಬೇಕು. ಗಾಳಿಗೂಡಿನ ತೇವದಲ್ಲಿರುವ ಕೆಲವು ಪ್ರೋಟೀನುಗಳು ಬೀಜಾಣುವಿಗೆ ಅಂಟಿಕೊಂಡು, ಇದು ಹೊರಗಿನದು ಎಂದು ಗುರುತು ಹಾಕಬೇಕು. ಡೆಕ್ಟಿನ್-1 ಎಂಬ ಗ್ರಾಹಕ ಬೂಷ್ಟಿನ ಗೋಡೆಯನ್ನು ಮುಟ್ಟಿ ಪತ್ತೆಹಚ್ಚಬೇಕು. ಕಾವಲು ಕೋಶಗಳು ಅದನ್ನು ನುಂಗಬೇಕು. ತಪ್ಪಿಸಿಕೊಂಡು ಮೊಳೆತದ್ದನ್ನು ರಕ್ತದಿಂದ ಧಾವಿಸಿ ಬಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಕೊಲ್ಲಬೇಕು. ಈ ಒಂದೊಂದು ಕೆಲಸದ ಹಿಂದೆಯೂ ತಂದೆತಾಯಿಯಿಂದ ಬಂದ ಜೀನುಗಳ ಸೂಚನೆಯಿದೆ. ವ್ಯಾಯಾಮ ಮಾಡಿ ಗಳಿಸಿದ್ದಲ್ಲ, ಪಥ್ಯ ಹಿಡಿದು ಕೂಡಿಟ್ಟದ್ದೂ ಅಲ್ಲ. ಆರೋಗ್ಯವಂತನ ಹೆಮ್ಮೆಗೆ ಇಲ್ಲಿ ಆಧಾರ ಬಹಳ ಕಡಿಮೆ.

ಕೆಲವರಲ್ಲಿ ಈ ದುಡಿಮೆಯ ಲಯ ತಪ್ಪುತ್ತದೆ. 1952ರಲ್ಲಿ ಬ್ರಿಟನ್ನಿನ ಹಿನ್ಸನ್, ಮೂನ್, ಪ್ಲಮರ್ ಎಂಬ ಮೂವರು ವೈದ್ಯರು ಇಂಥ ಒಂದು ಕಾಯಿಲೆಯನ್ನು ಮೊದಲ ಸಲ ವಿವರಿಸಿದರು. ಅಲರ್ಜಿಕ್ ಬ್ರಾಂಕೋಪಲ್ಮನರಿ ಆಸ್ಪರ್ಜಿಲೋಸಿಸ್ ಎಂಬ ಉದ್ದನೆಯ ಹೆಸರಿನ ಈ ಕಾಯಿಲೆ ವೈದ್ಯರ ಬಾಯಲ್ಲಿ ಎಬಿಪಿಎ ಆಗಿದೆ. ಉಬ್ಬಸ ಇರುವ ಕೆಲವರ ಶ್ವಾಸನಾಳದ ಕಫದಲ್ಲಿ ಬೂಷ್ಟು ಬೀಡುಬಿಡುತ್ತದೆ. ಅದು ಮಾಂಸದೊಳಕ್ಕೆ ನುಗ್ಗುವುದಿಲ್ಲ, ಕಫದಲ್ಲೇ ಇರುತ್ತದೆ. ದೊಡ್ಡ ಹಾನಿ ಮಾಡುವುದು ನಮ್ಮದೇ ರೋಗನಿರೋಧಕ ಶಕ್ತಿ. ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಮಿತಿಮೀರಿ ಏರುತ್ತದೆ, ಇಯೊಸಿನೊಫಿಲ್ ಕಣಗಳು ಮುತ್ತಿಕೊಳ್ಳುತ್ತವೆ, ವರ್ಷಗಳು ಉರುಳಿದಂತೆ ಶ್ವಾಸನಾಳ ಹಿಗ್ಗಿ ಸೊರಗುತ್ತದೆ. ಗದ್ದೆಗೆ ನುಗ್ಗಿದ ಕರುವನ್ನು ಓಡಿಸಲು ಹೋದವನು ಕರುವಿಗಿಂತ ಹೆಚ್ಚು ಪೈರು ತುಳಿದ ಹಾಗೆ. ಚಿಕಿತ್ಸೆಯಲ್ಲಿ ಸ್ಟಿರಾಯ್ಡ್‌ಗೆ ಮುಖ್ಯ ಸ್ಥಾನವಿರುವುದು ಈ ಕಾರಣಕ್ಕೇ. ಬೂಷ್ಟನ್ನು ಅಡಗಿಸುವುದರ ಜೊತೆಗೆ ಮೈಯ ಸಿಟ್ಟನ್ನೂ ಇಳಿಸಬೇಕು.

2014ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 14 ಲಕ್ಷ ಜನರಿಗೆ ಎಬಿಪಿಎ ಇದೆ. ಇವರಲ್ಲಿ ಅನೇಕರ ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆಗಳು ಕ್ಷಯದಂತೆಯೇ ತೋರುತ್ತವೆ. ಹಾಗಾಗಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ನಿಜವಾದ ಕಾಯಿಲೆಯ ಹೆಸರು ಗೊತ್ತಾಗುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಅಷ್ಟರಲ್ಲಿ ಮನೆಯಲ್ಲಿ ತಟ್ಟೆ ಲೋಟ ಬೇರೆಯಾಗಿರುತ್ತದೆ, ಸಂಬಂಧ ಕೇಳಿಕೊಂಡು ಬಂದವರು ಮೆಲ್ಲಗೆ ಹಿಂದೆ ಸರಿದಿರುತ್ತಾರೆ. ಇಲ್ಲದ ಕ್ಷಯದ ಅಪವಾದವನ್ನು ಹೊತ್ತವನು, ಇದ್ದ ಕಾಯಿಲೆಗೆ ಮದ್ದಿಲ್ಲದೆ ಕೆಮ್ಮುತ್ತಿರುತ್ತಾನೆ.

ಉಬ್ಬಸ ಇರುವ ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಮಾತ್ರ ಯಾಕೆ? 1989ರಲ್ಲಿ ಲ್ಯಾಪ್ ಚೀ ತ್ಸುಯಿ, ಫ್ರಾನ್ಸಿಸ್ ಕಾಲಿನ್ಸ್, ಜಾನ್ ರಿಯೊರ್ಡನ್ ಮತ್ತು ಸಂಗಡಿಗರು 7ನೆಯ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನನ್ನು ಪತ್ತೆಮಾಡಿದರು. ಅದರ ಎರಡು ಪ್ರತಿಗಳೂ ಕೆಟ್ಟಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಬರುತ್ತದೆ. ಕಫ ಅಂಟಂಟಾಗಿ ಗಟ್ಟಿಯಾಗಿ, ಬೂಷ್ಟಿಗೆ ಒಳ್ಳೆಯ ನೆಲೆಯಾಗುತ್ತದೆ. ಒಂದೇ ಪ್ರತಿ ಕೆಟ್ಟವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಎಬಿಪಿಎ ಬಂದವರಲ್ಲಿ ಇಂಥ ಒಂಟಿ ದೋಷ ಹೊತ್ತವರ ಪಾಲು ಹೆಚ್ಚು ಎಂದು 1990ರ ದಶಕದಲ್ಲಿ ಕಂಡುಬಂತು. ದೆಹಲಿಯಲ್ಲಿ ಪಿ. ಉಷಾ ಶರ್ಮ, ತರುಣಾ ಮದಾನ್ ಮತ್ತು ಸಹೋದ್ಯೋಗಿಗಳು ಬೀಜಾಣುವಿಗೆ ಗುರುತು ಹಾಕುವ ಪ್ರೋಟೀನುಗಳ ಜೀನುಗಳಲ್ಲೇ ಸಣ್ಣ ವ್ಯತ್ಯಾಸಗಳನ್ನು ಭಾರತೀಯ ರೋಗಿಗಳಲ್ಲಿ ಗುರುತಿಸಿದರು. ನಮ್ಮದು ಯಾವುದು, ಪರರದು ಯಾವುದು ಎಂದು ಕೋಶಗಳಿಗೆ ತೋರಿಸಿಕೊಡುವ ಎಚ್‌ಎಲ್‌ಎ ಜೀನುಗಳಲ್ಲೂ ಕೆಲವು ಬಗೆಗಳು ಅಪಾಯವನ್ನು ಹೆಚ್ಚಿಸುತ್ತವೆ, ಕೆಲವು ತಗ್ಗಿಸುತ್ತವೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಕಾಯಿಲೆ ತರುವಷ್ಟು ಬಲಶಾಲಿಯಲ್ಲ. ಒಂದೊಂದೂ ತಕ್ಕಡಿಯನ್ನು ಒಂದಿಷ್ಟು ವಾಲಿಸುತ್ತದೆ, ಅಷ್ಟೇ.

ಇದರ ಎದುರು ತುದಿಯಲ್ಲಿ, ತಕ್ಕಡಿಯನ್ನೇ ಮುರಿಯುವ ಜೀನುಗಳೂ ಇವೆ. 1950ರ ದಶಕದಲ್ಲಿ ಗುರುತಿಸಲಾದ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಎಂಬ ಕಾಯಿಲೆಯ ಮಕ್ಕಳಲ್ಲಿ ನ್ಯೂಟ್ರೊಫಿಲ್ ಕಣಗಳು ಬೂಷ್ಟನ್ನು ಹಿಡಿಯುತ್ತವೆ, ಕೊಲ್ಲಲಾರವು. ಕೊಲ್ಲಲು ಬೇಕಾದ ರಾಸಾಯನಿಕವನ್ನು ತಯಾರಿಸುವ ಕಿಣ್ವವೇ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಇಂಥ ಮಗು ಕೊಳೆತ ಎಲೆಯ ರಾಶಿಯನ್ನು ಕೆದಕಿ ಆಡಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಎರವಾಗುವ ನ್ಯುಮೋನಿಯಾ ಬರಬಹುದು. ಬೇಸಗೆಯಲ್ಲಿ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವ ಮಲೆನಾಡಿನ ಮನೆಯಲ್ಲಿ ಈ ಮಾತಿನ ಅರ್ಥವೇನೆಂದು ಯೋಚಿಸಿ. ಅಣ್ಣಂದಿರು ಬಿದ್ದು ಹೊರಳಾಡಿ ಬೆಳೆದ ಅದೇ ರಾಶಿ ತಮ್ಮನೊಬ್ಬನಿಗೆ ಮೃತ್ಯು.

ಈ ಕಾಯಿಲೆಯ ಹೆಚ್ಚು ಕಾಣಸಿಗುವ ಬಗೆಯಲ್ಲಿ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ಅದನ್ನು ಹೊತ್ತಿರುತ್ತಾಳೆ, ಗಂಡುಮಗು ಅನುಭವಿಸುತ್ತದೆ. ವೈದ್ಯರು ಇದನ್ನು ವಿವರಿಸಿದ ದಿನದಿಂದ ಮನೆಯ ಮಾತು ಯಾವ ಕಡೆಗೆ ತಿರುಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. "ನಿಮ್ಮ ಕಡೆಯಿಂದಲೇ ಬಂದದ್ದು" ಎಂಬ ಒಂದು ಮಾತು ಸಾಕು, ಸೊಸೆ ಬದುಕಿಡೀ ತಲೆ ತಗ್ಗಿಸಿರಲು. ಇನ್ನೊಂದು ಬಗೆಯಲ್ಲಿ ದೋಷ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಸೋದರಮಾವನನ್ನೋ ಅತ್ತೆಮಗನನ್ನೋ ಮದುವೆಯಾಗುವ ಪದ್ಧತಿಯುಳ್ಳ ನಮ್ಮಲ್ಲಿ ಅದರ ಸಾಧ್ಯತೆ ಹೆಚ್ಚು. ಆಗ ದೂರು ಸಂಬಂಧ ಕುದುರಿಸಿದ ಹಿರಿಯರ ಮೇಲೆ ಬೀಳುತ್ತದೆ. ಆದರೆ ಯಾವ ತಾಯಿಯೂ ತನ್ನ ಎರಡು ಎಕ್ಸ್‌ಗಳಲ್ಲಿ ಯಾವುದನ್ನು ಮಗನಿಗೆ ಕೊಡಲಿ ಎಂದು ಕೂತು ಯೋಚಿಸಿ ಕೊಟ್ಟವಳಲ್ಲ. ಆಯ್ಕೆಯೇ ಇಲ್ಲದ ಕಡೆ ಅಪರಾಧ ಹೊರಿಸುವುದು ಕ್ರೌರ್ಯ. ಅದೇ ತಿಳಿವಳಿಕೆಯನ್ನು ಬೇರೆಯಾಗಿಯೂ ಬಳಸಬಹುದು: ಮಗುವನ್ನು ತಿಪ್ಪೆಯಿಂದ, ಹಳೆಯ ಹುಲ್ಲಿನಿಂದ ದೂರವಿಡಬಹುದು, ಬೂಷ್ಟನ್ನು ತಡೆಯುವ ಇಟ್ರಕೊನಜೋಲ್ ಮಾತ್ರೆಯನ್ನು ಮುಂಚಿತವಾಗಿಯೇ ಕೊಡಬಹುದು. ಕಾಪಾಡಲು ಸಿಕ್ಕ ಮಾಹಿತಿಯನ್ನು ಚುಚ್ಚಲು ಬಳಸುವುದು ನಮ್ಮ ಆಯ್ಕೆ. ಆ ಹೊಣೆ ಯಾವ ಜೀನಿನದೂ ಅಲ್ಲ.

ಇಷ್ಟು ಕೇಳಿದ ಮೇಲೆ ಓದಿದವರು ಕೂಡ ಜೀನನ್ನು ಹಣೆಬರಹದ ಪೀಠದಲ್ಲಿ ಕೂರಿಸಿಬಿಡುತ್ತಾರೆ. ಹಿಂದೆ ಬ್ರಹ್ಮ ಬರೆದದ್ದು, ಈಗ ಡಿಎನ್‌ಎ ಬರೆದದ್ದು. ಎರಡನ್ನೂ ಅಳಿಸಲಾಗದು, ಆದ್ದರಿಂದ ಸುತ್ತಲಿನವರಿಗೆ ಹೊಣೆಯಿಲ್ಲ. ಈ ತೀರ್ಮಾನ ಎಷ್ಟು ಅವಸರದ್ದು ಎಂಬುದಕ್ಕೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. ಅಸ್ಥಿಮಜ್ಜೆಯ ಕಾಂಡಕೋಶಗಳ ಕಸಿ ಮಾಡಿಸಿಕೊಂಡ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ಮಾತ್ರ ಆಸ್ಪರ್ಜಿಲಸ್ ಎದೆಗಿಳಿದು ಹರಡುವುದೇಕೆ ಎಂದು ಇಟಲಿಯ ಪೆರೂಜಿಯಾದ ಸಂಶೋಧಕರೂ ಸಂಗಡಿಗರೂ ಹುಡುಕಿದರು. ಪಿಟಿಎಕ್ಸ್-3 ಎಂಬ ಜೀನಿನ ಒಂದು ಬಗೆ ಎದ್ದು ಕಂಡಿತು. ಅದು ರೋಗಿಯ ಜೀನಾಗಿರಲಿಲ್ಲ, ಮಜ್ಜೆ ಕೊಟ್ಟ ದಾನಿಯ ಜೀನಾಗಿತ್ತು. ಕಸಿಯಾದ ಮೇಲೆ ರೋಗಿಯ ಬಿಳಿ ರಕ್ತಕಣಗಳು ದಾನಿಯ ಜೀನನ್ನೇ ಹೊತ್ತು ಹುಟ್ಟುತ್ತವಲ್ಲ! ಟಿಎಲ್‌ಆರ್-4 ಎಂಬ ಇನ್ನೊಂದು ಜೀನಿನ ವಿಚಾರದಲ್ಲೂ 2008ರಲ್ಲಿ ಇಂಥದೇ ಸಂಗತಿ ವರದಿಯಾಗಿತ್ತು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ದಾನಿಗೆ ಆ ಜೀನು ಹುಟ್ಟಿನಿಂದ ಇತ್ತು. ಅವನೂ ದಿನಕ್ಕೆ ನೂರಾರು ಬೀಜಾಣುಗಳನ್ನು ಉಸಿರಾಡಿದ, ಏನೂ ಆಗಲಿಲ್ಲ. ಅವನ ಮೈಯಲ್ಲಿ ಉಳಿದ ಕಾವಲುಗಳೆಲ್ಲ ಗಟ್ಟಿಯಾಗಿದ್ದವು; ಒಂದರ ಕೊರತೆಯನ್ನು ಹತ್ತು ತುಂಬುತ್ತಿದ್ದವು. ಅದೇ ಜೀನು ಕೀಮೋಥೆರಪಿಯಿಂದ ಬಸವಳಿದ ಮೈಗೆ ಬಂದಾಗ ಅಪಾಯವಾಯಿತು. ದಾನ ಮಾಡಿದವನದು ತಪ್ಪೇ? ಪಡೆದವನದೇ? ಜೀವ ಉಳಿಸಲೆಂದು ಒಬ್ಬ ಕೊಟ್ಟದ್ದರಲ್ಲಿ ಇಬ್ಬರಿಗೂ ಕಾಣದ ಒಂದು ಕೊರತೆಯೂ ಸೇರಿ ಹೋಯಿತು. ಪಾಪ ಪುಣ್ಯದ ನಮ್ಮ ಹಳೆಯ ಲೆಕ್ಕದ ಪುಸ್ತಕದಲ್ಲಿ ಇದನ್ನು ಬರೆಯಲು ಕಲಮೇ ಇಲ್ಲ. ಇದರಿಂದ ಒಂದು ಮಾತು ಮಾತ್ರ ಸ್ಪಷ್ಟ: ದುರ್ಬಲತೆ ಒಬ್ಬ ಮನುಷ್ಯನ ಒಳಗೆ ಮಡಚಿಟ್ಟ ವಸ್ತುವಲ್ಲ. ಜೀನು, ಮೈಯ ಸ್ಥಿತಿ, ಗಾಳಿ ಮೂರೂ ಕೂಡಿದ ಕಡೆ ಅದು ಹುಟ್ಟುತ್ತದೆ. ಮೊದಲನೆಯದನ್ನು ಇಂದು ನಾವು ಅಷ್ಟಾಗಿ ತಿದ್ದಲಾರೆವು. ಉಳಿದೆರಡರಲ್ಲಿ ನಮ್ಮೆಲ್ಲರ ಕೈ ಇದೆ.

ಗಾಳಿಯಲ್ಲಿ ನಮ್ಮ ಕೈ ಎಷ್ಟಿದೆ ಎಂದು ತೋರಿಸಲು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಗಿಂತ ಒಳ್ಳೆಯ ಸ್ಥಳವಿಲ್ಲ. ಅಲ್ಲಿನ ಒಣಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. ಮಣ್ಣು ಕೆದಕಿದಾಗ, ಗಾಳಿ ಬೀಸಿದಾಗ ಅದರ ಕಣಗಳು ಧೂಳಿನೊಂದಿಗೆ ಎದ್ದು ಎದೆಗಿಳಿಯುತ್ತವೆ. ಅದರಿಂದ ಬರುವ ಜ್ವರಕ್ಕೆ ಕಣಿವೆ ಜ್ವರ ಎಂದೇ ಹೆಸರು. ಸೋಂಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ತಿಳಿಯುವುದೇ ಇಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಎದೆಯಿಂದ ಹೊರಟು ಚರ್ಮಕ್ಕೆ, ಮೂಳೆಗೆ, ಮೆದುಳಿನ ಪೊರೆಗೆ ಹರಡುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕಣಿವೆಯಲ್ಲಿ ವೈಮಾನಿಕ ತರಬೇತಿಯ ನೆಲೆಗಳು ಎದ್ದಾಗ ಸಿಪಾಯಿಗಳು ಸಾಲಾಗಿ ಜ್ವರ ಬಿದ್ದರು. ಸ್ಟ್ಯಾನ್‌ಫರ್ಡ್‌ನ ವೈದ್ಯ ಚಾರ್ಲ್ಸ್ ಸ್ಮಿತ್ ಈ ಸಿಪಾಯಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕಪ್ಪು ಜನಾಂಗದವರಲ್ಲಿ ಮತ್ತು ಫಿಲಿಪೀನ್ಸ್ ಮೂಲದವರಲ್ಲಿ ಸೋಂಕು ಮೈತುಂಬ ಹರಡುವುದು ಹೆಚ್ಚು ಎಂಬುದು ಆ ಕಾಲದಲ್ಲೇ ಕಂಡುಬಂತು. ಆದರೆ ಅಲ್ಲಿ ಕೈಗೊಂಡ ಉಪಾಯ ಯಾವ ಮೈಬಣ್ಣವನ್ನೂ ನೋಡಲಿಲ್ಲ. ಬಯಲಿಗೆ ಹುಲ್ಲು ಹಾಕಿಸಿದರು, ರಸ್ತೆಗಳನ್ನು ಗಟ್ಟಿ ಮಾಡಿಸಿದರು, ಧೂಳೇಳುವ ನೆಲಕ್ಕೆ ಎಣ್ಣೆ ಹಾಕಿಸಿದರು. ಧೂಳು ಅಡಗಿತು, ಸೋಂಕು ಗಣನೀಯವಾಗಿ ಇಳಿಯಿತು. ಯಾರ ಎದೆ ದುರ್ಬಲ ಎಂದು ವಿಂಗಡಿಸುವ ಅಗತ್ಯವೇ ಬೀಳಲಿಲ್ಲ.

ಇಷ್ಟು ತಿಳಿದಿದ್ದ ಅದೇ ಕಣಿವೆಯಲ್ಲಿ 1987ರಲ್ಲಿ ಅವೆನಲ್ ಎಂಬಲ್ಲಿ, 1994ರಲ್ಲಿ ಪ್ಲೆಸೆಂಟ್ ವ್ಯಾಲಿ ಎಂಬಲ್ಲಿ ರಾಜ್ಯ ಸರ್ಕಾರ ಸೆರೆಮನೆಗಳನ್ನು ತೆರೆಯಿತು. 2005ರ ಸುಮಾರಿಗೆ ಕೈದಿಗಳಲ್ಲಿ ಕಣಿವೆ ಜ್ವರ ಏರತೊಡಗಿತು, ಸತ್ತವರೂ ಇದ್ದರು. 2013ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ಥೆಲ್ಟನ್ ಹೆಂಡರ್ಸನ್, ಹೆಚ್ಚಿನ ಅಪಾಯವುಳ್ಳ ಕೈದಿಗಳನ್ನು ಆ ಎರಡು ಸೆರೆಮನೆಗಳಿಂದ ಬೇರೆಡೆಗೆ ಸಾಗಿಸಬೇಕೆಂದು ಆದೇಶಿಸಿದರು. ಆ ಪಟ್ಟಿಯಲ್ಲಿ ಕಪ್ಪು ಜನಾಂಗದವರೂ ಫಿಲಿಪೀನ್ಸ್ ಮೂಲದವರೂ ಇದ್ದರು. ಆ ಹೊತ್ತಿಗೆ ಅದು ಜೀವ ಉಳಿಸುವ ಆದೇಶವೇ ಸರಿ. ಆದರೆ ಮೈಬಣ್ಣ ಜೀನಿನ ಬಹಳ ಒರಟು ಗುರುತು. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೋಂಕು ಮೈತುಂಬ ಹರಡಿದವರಲ್ಲಿ ಡೆಕ್ಟಿನ್-1ರ ಜೀನಿನಲ್ಲೂ, ಅದರ ಸಂದೇಶವನ್ನು ಮುಂದಕ್ಕೆ ಸಾಗಿಸುವ ಜೀನುಗಳಲ್ಲೂ ವ್ಯತ್ಯಾಸಗಳನ್ನು ಕಂಡಿತು. ಅವು ಚರ್ಮದ ಬಣ್ಣ ನೋಡಿ ಹೇಳಲಾಗದ ಸಂಗತಿಗಳು.

ಸೋಂಕಿಗೆ ತುತ್ತಾದ ಕೈದಿಗಳು ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅಧಿಕಾರಿಗಳಿಗೆ ರಕ್ಷಣೆ ಕೊಟ್ಟಿತು. ಈ ಬಗೆಯ ಅಪಾಯದಿಂದ ಮುಕ್ತರಾಗಿರುವ ಹಕ್ಕು ಆಗಿನ್ನೂ ಕಾನೂನಿನಲ್ಲಿ ಸ್ಪಷ್ಟವಾಗಿ ನೆಲೆಗೊಂಡಿರಲಿಲ್ಲ ಎಂಬುದು ಕಾರಣ. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ನೀತಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಹೊರಗಿರುವವನು ಧೂಳು ಕಂಡರೆ ಕಿಟಕಿ ಮುಚ್ಚಬಹುದು, ಊರು ಬಿಡಬಹುದು. ಕೈದಿ ಇನ್ನೊಬ್ಬರು ಗೊತ್ತುಮಾಡಿದ ಕಡೆಯೇ ಉಸಿರಾಡಬೇಕು. ಯಾರ ಉಸಿರಿನ ಜಾಗವನ್ನು ನಾವು ನಿರ್ಧರಿಸುತ್ತೇವೋ ಅವರ ಎದೆಯ ಹೊಣೆ ನಮ್ಮದಾಗದೆ ಇನ್ಯಾರದು?

ಕಣಿವೆಯ ಈ ಎರಡು ಉಪಾಯಗಳ ನಡುವಿನ ಅಂತರ ದೊಡ್ಡದು. ಒಂದು, ದುರ್ಬಲನನ್ನು ಗುರುತಿಸಿ ಆಚೆಗೆ ಕಳಿಸುವುದು. ಇನ್ನೊಂದು, ಧೂಳನ್ನು ಅಡಗಿಸುವುದು. ಮೊದಲನೆಯದು ಕೆಲವೊಮ್ಮೆ ಅನಿವಾರ್ಯ, ಅಗ್ಗವೂ ಹೌದು. ಅದೇ ರೂಢಿಯಾದರೆ ಜೀನು ಪರೀಕ್ಷೆಯ ಕಾಗದವೇ ಹೊಸ ಜಾತಕವಾಗುತ್ತದೆ: ಕೆಲಸಕ್ಕೆ ಬೇಡ, ಸಂಬಂಧಕ್ಕೆ ಬೇಡ, ವಿಮೆಗೆ ಬೇಡ. 2018ರಲ್ಲಿ ದೆಹಲಿ ಹೈಕೋರ್ಟ್, ವಂಶವಾಹಿ ಕಾಯಿಲೆ ಎಂಬ ಒಂದೇ ಮಾತಿನಲ್ಲಿ ಆರೋಗ್ಯ ವಿಮೆಯನ್ನು ನಿರಾಕರಿಸುವುದು ತಾರತಮ್ಯ ಎಂದು ಹೇಳಬೇಕಾಗಿ ಬಂದದ್ದು ಈ ಅಪಾಯ ಬಾಗಿಲಿಗೆ ಬಂದಿದೆ ಎಂಬುದಕ್ಕೇ ಗುರುತು.

ಎರಡನೆಯ ಉಪಾಯಕ್ಕೆ ಹೆಚ್ಚು ತಾಳ್ಮೆ ಬೇಕು, ಹೆಚ್ಚು ಜನ ಬೇಕು. ಆಸ್ಪತ್ರೆಯ ಒಂದು ಭಾಗದಲ್ಲಿ ಕಟ್ಟಡ ಒಡೆಯುವಾಗ ಎದ್ದ ಧೂಳಿನಿಂದ ಇನ್ನೊಂದು ಭಾಗದ ರೋಗಿಗಳ ಎದೆಗೆ ಆಸ್ಪರ್ಜಿಲಸ್ ಇಳಿದ ಉದಾಹರಣೆಗಳು ವೈದ್ಯಲೋಕದಲ್ಲಿ ಬೇಕಾದಷ್ಟಿವೆ. ನಡುವೆ ಒಂದು ಗಟ್ಟಿ ಪರದೆ ಕಟ್ಟುವುದು, ನೆಲಕ್ಕೆ ನೀರು ಚಿಮುಕಿಸುವುದು ಯಾವ ಮಹಾ ವಿಜ್ಞಾನವೂ ಅಲ್ಲ. ಹೊಲದ ವಿಚಾರ ಇದಕ್ಕಿಂತ ತೊಡಕಿನದು. ಭತ್ತಕ್ಕೆ, ದ್ರಾಕ್ಷಿಗೆ, ಅಡಿಕೆಗೆ ನಾವು ಹೊಡೆಯುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್‌ಗಳೂ, ಎದೆಯ ಬೂಷ್ಟಿಗೆ ವೈದ್ಯರು ಕೊಡುವ ಮಾತ್ರೆಗಳೂ ಒಂದೇ ಕುಲದವು. ಹೊಲದಲ್ಲಿ ಔಷಧಿ ಸಹಿಸಲು ಕಲಿತ ಬೂಷ್ಟು ಎದೆಯಲ್ಲೂ ಮಾತ್ರೆಗೆ ಮಣಿಯದು. ಇಂಥ ಆಸ್ಪರ್ಜಿಲಸ್ ಭಾರತದ ಮಣ್ಣಿನಲ್ಲೂ ಹರಡಿದೆ ಎಂದು 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಅನುರಾಧಾ ಚೌಧರಿ ಮತ್ತು ಸಂಗಡಿಗರು ತೋರಿಸಿದರು. ಫಸಲು ಕಣ್ಣೆದುರೇ ಕೊಳೆಯುವಾಗ ಸಿಂಪಡಿಸಿದ ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಯಾವ ಔಷಧಿಯನ್ನು ಹೊಲಕ್ಕೆ ಬಿಡಬೇಕು, ಯಾವುದನ್ನು ಆಸ್ಪತ್ರೆಗೆಂದು ಮೀಸಲಿಡಬೇಕು ಎಂದು ನಿರ್ಧರಿಸುವ ಕಡೆ ಅವನ ಎದೆಯೂ ರೋಗಿಯ ಎದೆಯೂ ಲೆಕ್ಕಕ್ಕೆ ಬಂದಿವೆಯೇ ಎಂಬುದು ಕೇಳಬೇಕಾದ ಮಾತು.

ಲಕ್ಷಕ್ಕೊಬ್ಬರ ಎದೆಗಾಗಿ ಊರಿನ ಗಾಳಿಯನ್ನೇ ತಿದ್ದಬೇಕೇ ಎಂದು ಯಾರಾದರೂ ಕೇಳಬಹುದು. ಬೀಜಾಣುವೇ ಇಲ್ಲದ ಲೋಕವನ್ನು ಯಾರೂ ಕಟ್ಟಲಾರರು, ಕಟ್ಟಲೂ ಬಾರದು. ಆಗ ಎಲೆ ಮಣ್ಣಾಗುವುದು ಹೇಗೆ? ಎಷ್ಟೇ ಜೋಪಾನ ಮಾಡಿದರೂ ಕೆಲವು ಮಕ್ಕಳನ್ನು ಉಳಿಸಿಕೊಳ್ಳಲಾಗದು. ಅದನ್ನು ಒಪ್ಪಿಕೊಳ್ಳುವುದೂ ಪ್ರಾಮಾಣಿಕತೆಯೇ. ಆದರೆ ಆ ಲಕ್ಷಕ್ಕೊಬ್ಬರು ಯಾರೆಂದು ಯಾರ ಮುಖದ ಮೇಲೂ ಬರೆದಿಲ್ಲ. ಪಟ್ಟಿಯೂ ದಿನದಿನಕ್ಕೆ ಬದಲಾಗುತ್ತದೆ. 2021ರ ಬೇಸಗೆಯಲ್ಲಿ ಕರ್ನಾಟಕದ ಆಸ್ಪತ್ರೆಗಳು ಕಪ್ಪು ಶಿಲೀಂಧ್ರದ ರೋಗಿಗಳಿಂದ ತುಂಬಿದಾಗ ಅವರಲ್ಲಿ ಹೆಚ್ಚಿನವರು ಕೆಲವು ವಾರಗಳ ಹಿಂದಷ್ಟೇ ಎಲ್ಲರಂತೆ ಓಡಾಡಿಕೊಂಡಿದ್ದವರು. ಕೋವಿಡ್, ಏರಿದ ಸಕ್ಕರೆ, ಜೀವ ಉಳಿಸಲೆಂದೇ ಕೊಟ್ಟ ಸ್ಟಿರಾಯ್ಡ್ ಕೂಡಿ, ನಿನ್ನೆಯವರೆಗೆ ನಿರುಪದ್ರವಿಯಾಗಿದ್ದ ಬೂಷ್ಟು ಕಣ್ಣನ್ನೇ ಕಿತ್ತುಕೊಂಡಿತು. ಗಟ್ಟಿ ಎದೆ ಎಂಬುದು ಯಾರಿಗೂ ಬರೆದುಕೊಟ್ಟ ಆಸ್ತಿಯಲ್ಲ. ಇರುವಷ್ಟು ದಿನ ಇರುತ್ತದೆ.

ಆದ್ದರಿಂದ ಊರಿನ ಗಾಳಿಗೆ ಅಳತೆಗೋಲು ಬೇಕಿದ್ದರೆ ಅದು ಸರಾಸರಿ ಎದೆಯಾಗಬಾರದು. ಸರಾಸರಿ ಎದೆಯಿಂದ ಉಸಿರಾಡುವವರು ಯಾರೂ ಇಲ್ಲ. ಕಟ್ಟಡದ ಧೂಳು ಎಷ್ಟಿರಬಹುದು, ಸೆರೆಮನೆ ಎಲ್ಲಿರಬೇಕು, ಹೊಲಕ್ಕೆ ಏನು ಹೊಡೆಯಬೇಕು ಎಂದು ತೀರ್ಮಾನಿಸುವಾಗ ಅತ್ಯಂತ ಬಡಕಲು ಎದೆಯವನನ್ನು ಮೊದಲು ನೆನೆಯಬೇಕು. ಅವನಿಗೆ ಸಾಕಾಗುವ ಗಾಳಿ ಉಳಿದವರಿಗೆ ಧಾರಾಳವಾಗುತ್ತದೆ. ಇದನ್ನು ದಯೆ ಎಂದು ಕರೆದುಕೊಂಡು ಬೆನ್ನು ತಟ್ಟಿಕೊಳ್ಳುವುದೂ ಬೇಡ. ಹುಟ್ಟಿನಲ್ಲಿ ಪಾಲು ಹಂಚುವಾಗ ಯಾರೂ ನಮ್ಮನ್ನು ಕೇಳಲಿಲ್ಲ. ಧೂಳು ಹಂಚುವಾಗ ಮಾತ್ರ ನಾವು ಅಲ್ಲಿದ್ದೇವೆ, ನಮ್ಮ ಕೈಯಿಂದಲೇ ಹಂಚುತ್ತಿದ್ದೇವೆ.